ಕೆನಡಾದಲ್ಲಿ ಪ್ರಾಂತ್ಯ ಬದಲಿಸಿದರೆ ಡ್ರೈವಿಂಗ್ ಲೈಸೆನ್ಸ್ ಏನಾಗುತ್ತದೆ?

ಒಂಟಾರಿಯೊದ ಬ್ರಾಂಪ್ಟನ್‌ನಿಂದ ಬ್ರಿಟಿಷ್ ಕೊಲಂಬಿಯಾದ ಸರ್ರೆಗೆ ನಾವು ಕಾರಿನಲ್ಲೇ ಬಂದೆವು. ನಾಲ್ಕು ಸಾವಿರ ಕಿಲೋಮೀಟರಿಗೂ ಜಾಸ್ತಿ ದಾರಿ. ಮ್ಯಾನಿಟೋಬಾ ದಾಟಿದೆವು, ಸಸ್ಕ್ಯಾಚುವನ್ ದಾಟಿದೆವು, ಆಲ್ಬರ್ಟಾ ದಾಟಿದೆವು. ಜೇಬಿನಲ್ಲಿದ್ದದ್ದು ಒಂಟಾರಿಯೊ ಲೈಸೆನ್ಸ್. ದಾರಿಯಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೂ ತೊಂದರೆ ಇರಲಿಲ್ಲ. ಒಂದು ಪ್ರಾಂತ್ಯದ ಲೈಸೆನ್ಸ್ ಇದ್ದರೆ ಕೆನಡಾದ ಯಾವ ಮೂಲೆಗೆ ಬೇಕಾದರೂ ಓಡಿಸಿಕೊಂಡು ಹೋಗಿ ಬರಬಹುದು.

ಆದರೆ ಸರ್ರೆಯಲ್ಲಿ ಮನೆ ಹಿಡಿದು ಅಕ್ಕಿ ಮೂಟೆ ಒಳಗಿಟ್ಟೆವಲ್ಲ, ಆ ದಿನದಿಂದ ಲೆಕ್ಕ ಶುರುವಾಯಿತು. ಅದೇ ಕಾರು, ಅದೇ ಕಾರ್ಡು, ಅದೇ ನಾನು. ಆದರೂ 90 ದಿನ ಕಳೆದ ಮೇಲೆ ಆ ಕಾರ್ಡು ತೋರಿಸಿ ಬ್ರಿಟಿಷ್ ಕೊಲಂಬಿಯಾದಲ್ಲಿ ಗಾಡಿ ಓಡಿಸುವ ಹಾಗಿಲ್ಲ. ಹೋಗಿ ಬರುವವರಿಗೆ ಒಂದು ನಿಯಮ, ನೆಲೆಸುವವರಿಗೆ ಇನ್ನೊಂದು.

ಫೋನಿನಲ್ಲಿ ಇದನ್ನು ಅಣ್ಣನಿಗೆ ಹೇಳಿದಾಗ ಅವನು ನಕ್ಕುಬಿಟ್ಟ. 'ಮೈಸೂರಿನ ಡಿಎಲ್ ಇಟ್ಕೊಂಡು ನಾನು ಪುಣೆಯಲ್ಲಿ ಹನ್ನೆರಡು ವರ್ಷ ಓಡಿಸಿದ್ದೀನಿ ಕಣೋ, ಯಾರೂ ಬದಲಾಯಿಸು ಅನ್ನಲಿಲ್ಲ' ಅಂದ. ಅವನು ಹೇಳಿದ್ದು ಸರಿಯೇ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆ ಇಡೀ ದೇಶಕ್ಕೆ ಒಂದೇ. ಆರ್‌ಟಿಓ ರಾಜ್ಯದ್ದಾದರೂ ಅದು ಕೊಡುವ ಡಿಎಲ್ ದೇಶಕ್ಕೆಲ್ಲ ನಡೆಯುತ್ತದೆ. ರಾಜ್ಯ ಬದಲಾದಾಗ ತಲೆನೋವು ಕಾರಿಗೆ ಮಾತ್ರ: ಹನ್ನೆರಡು ತಿಂಗಳಿಗಿಂತ ಜಾಸ್ತಿ ಅಲ್ಲೇ ಇದ್ದರೆ ಹೊಸ ನಂಬರು, ಎನ್‌ಓಸಿ, ರಸ್ತೆ ತೆರಿಗೆ.

ಕೆನಡಾದ ಕಥೆ ಬೇರೆ. ಇಲ್ಲಿ 1867ರ ಸಂವಿಧಾನ ಕಾಯ್ದೆ ಅಧಿಕಾರವನ್ನು ಹಂಚಿದ ರೀತಿಯಲ್ಲಿ ರಸ್ತೆ, ಸಂಚಾರ, ಲೈಸೆನ್ಸ್ ಎಲ್ಲ ಪ್ರಾಂತ್ಯಗಳ ಪಾಲಿಗೆ ಹೋಗಿವೆ. ಕುಡಿದು ಓಡಿಸುವುದು ಅಪರಾಧ ಅನ್ನುವುದು ಒಟ್ಟಾವಾದ, ಅಂದರೆ ಕೇಂದ್ರ ಸರ್ಕಾರದ, ಕ್ರಿಮಿನಲ್ ಕಾನೂನು. ಕಾರು ತಯಾರಿಸುವವರು ಪಾಲಿಸಬೇಕಾದ ಸುರಕ್ಷತಾ ನಿಯಮಗಳೂ ಒಟ್ಟಾವಾದವೇ. ಆದರೆ ಯಾರು ಓಡಿಸಬಹುದು, ಎಷ್ಟು ಟೆಸ್ಟು ಕೊಡಬೇಕು, ಕಾರ್ಡಿನ ಮೇಲೆ ಏನು ಬರೆದಿರಬೇಕು ಅನ್ನುವುದನ್ನು ಹತ್ತು ಪ್ರಾಂತ್ಯಗಳು, ಮೂರು ಟೆರಿಟರಿಗಳು ತಮಗೆ ತೋಚಿದಂತೆ ಮಾಡಿಕೊಂಡಿವೆ. 'ಕೆನಡಾ ಲೈಸೆನ್ಸ್' ಅನ್ನುವ ವಸ್ತುವೇ ಇಲ್ಲ.

ಗಡುವು ಕೂಡ ಒಂದೇ ತರ ಇಲ್ಲ. ಒಂಟಾರಿಯೊಗೆ ಹೊಸದಾಗಿ ಬಂದವರಿಗೆ 60 ದಿನ. ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ, ಸಸ್ಕ್ಯಾಚುವನ್, ನೋವಾ ಸ್ಕೋಶಿಯಾಗಳಲ್ಲಿ 90 ದಿನ. ಮ್ಯಾನಿಟೋಬಾದಲ್ಲಿ ಮೂರು ತಿಂಗಳು. ಹೋಗಬೇಕಾದ ಬಾಗಿಲೂ ಬೇರೆ ಬೇರೆ. ಒಂಟಾರಿಯೊದಲ್ಲಿ ಡ್ರೈವ್‌ಟೆಸ್ಟ್ ಕೇಂದ್ರ. ಬ್ರಿಟಿಷ್ ಕೊಲಂಬಿಯಾದಲ್ಲಿ ಐಸಿಬಿಸಿ ಅನ್ನುವ ಸರ್ಕಾರಿ ವಿಮಾ ಸಂಸ್ಥೆ. ಅಂಥದ್ದೇ ಸಂಸ್ಥೆಗಳು ಸಸ್ಕ್ಯಾಚುವನ್‌ನಲ್ಲಿ ಎಸ್‌ಜಿಐ, ಕ್ವೆಬೆಕ್‌ನಲ್ಲಿ ಎಸ್‌ಎಎಕ್ಯು. ಆಲ್ಬರ್ಟಾದಲ್ಲಿ ಇನ್ನೂ ಸ್ವಾರಸ್ಯ: ಸರ್ಕಾರಿ ಕಚೇರಿಯೇ ಅಲ್ಲ, ರಿಜಿಸ್ಟ್ರಿ ಏಜೆಂಟ್ ಅನ್ನುವ ಖಾಸಗಿ ಅಂಗಡಿಗಳು. ಮಾಲ್‌ನಲ್ಲಿ ಸಾಮಾನು ಕೊಳ್ಳುತ್ತಾ ಪಕ್ಕದ ಅಂಗಡಿಯಲ್ಲಿ ಲೈಸೆನ್ಸ್ ಮಾಡಿಸಿಕೊಂಡು ಬರಬಹುದು.

ಓದಲು ಹೋದ ಮಕ್ಕಳಿಗೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ. ಮನೆ ಒಂಟಾರಿಯೊದಲ್ಲಿ, ಕಾಲೇಜು ವ್ಯಾಂಕೂವರ್‌ನಲ್ಲಿ ಅಂದರೆ ಓದು ಮುಗಿಯುವವರೆಗೆ ಮನೆಯ ಕಡೆಯ ಲೈಸೆನ್ಸೇ ನಡೆಯುತ್ತದೆ. ಓದುತ್ತಿರುವುದಕ್ಕೆ ಪುರಾವೆ ಮಾತ್ರ ಕೈಯಲ್ಲಿರಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಲೈಸೆನ್ಸ್ ಬದಲಾವಣೆ ಅಂದ ಕೂಡಲೇ ಜನರ ಕಣ್ಣಿಗೆ ಕಾಣುವುದು ಪ್ಲಾಸ್ಟಿಕ್ ಕಾರ್ಡು. ಹಳೆಯದು ಕೊಡು, ಹೊಸದು ತಗೋ. ನಾನೂ ಹಾಗೇ ಅಂದುಕೊಂಡಿದ್ದೆ. ನಿಜವಾಗಿ ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಹೋಗುವುದು ನಮ್ಮ ಚಾಲನೆಯ ಜಾತಕ. ಎಷ್ಟು ವರ್ಷ ಓಡಿಸಿದ್ದೀರಿ, ಯಾವ ಹಂತದ ಲೈಸೆನ್ಸ್, ದಂಡ ಬಿದ್ದಿದೆಯಾ, ಅಮಾನತು ಆಗಿದೆಯಾ, ಎಲ್ಲವೂ. ಕೆನಡಾದಲ್ಲಿ ಒಬ್ಬ ಚಾಲಕನಿಗೆ ಒಂದೇ ಲೈಸೆನ್ಸ್, ಒಂದೇ ದಾಖಲೆ ಅನ್ನುವ ತತ್ವವಿದೆ. ಪ್ರಾಂತ್ಯಗಳ ನಡುವೆ ಮಾಹಿತಿ ವಿನಿಮಯದ ಜಾಲವೂ ಇದೆ. ಕೌಂಟರಿನಲ್ಲಿ ಕೂತವರು ಹಳೆಯ ಪ್ರಾಂತ್ಯದ ಕಡತವನ್ನು ಅಲ್ಲಿಂದಲೇ ನೋಡುತ್ತಾರೆ. ಆದ್ದರಿಂದ 'ಹೊಸ ಪ್ರಾಂತ್ಯ, ಹೊಸ ಪಾಟಿ' ಅಂದುಕೊಂಡು ಹಳೆಯ ದಂಡ ಕಟ್ಟದೆ ಓಡಿಬರುವುದು ಕೆಲಸಕ್ಕೆ ಬಾರದ ಉಪಾಯ. ಅಲ್ಲಿ ಅಮಾನತಾಗಿದ್ದರೆ ಇಲ್ಲಿ ಹೊಸ ಕಾರ್ಡ್ ಸಿಗುವುದಿಲ್ಲ.

ಒಂದೇ ಲೈಸೆನ್ಸ್ ಅನ್ನುವ ಕಾರಣಕ್ಕೆ ಹಳೆಯ ಕಾರ್ಡನ್ನು ಒಪ್ಪಿಸಲೇಬೇಕು. ನೆನಪಿಗೆ ಇಟ್ಟುಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ. ಒಪ್ಪಿಸುವ ಮುಂಚೆ ಅದರ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಇನ್ಶೂರೆನ್ಸ್‌ನವರು ಹಳೆಯ ನಂಬರು ಕೇಳಿದಾಗ ಹುಡುಕಾಡುವುದು ತಪ್ಪುತ್ತದೆ.

ಹಂತಗಳ ಹೆಸರು ಮೊದಲ ಸಲ ಕೇಳುವವರಿಗೆ ಗೊಂದಲ. ಒಂಟಾರಿಯೊದಲ್ಲಿ ಕಲಿಯುವವರಿಗೆ ಜಿ1, ಮೊದಲ ರಸ್ತೆ ಟೆಸ್ಟ್ ಪಾಸಾದವರಿಗೆ ಜಿ2, ಎರಡನೆಯದೂ ಪಾಸಾದರೆ ಜಿ. ಪಶ್ಚಿಮದ ಪ್ರಾಂತ್ಯಗಳಲ್ಲಿ ಅಕ್ಷರದ ಬದಲು ಅಂಕಿ. ಅಲ್ಲಿ ಪೂರ್ತಿ ಲೈಸೆನ್ಸ್ ಅಂದರೆ ಕ್ಲಾಸ್ 5, ಕಲಿಯುವವರಿಗೆ ಹೆಚ್ಚಿನ ಕಡೆ ಕ್ಲಾಸ್ 7. ಪೂರ್ತಿ ಲೈಸೆನ್ಸ್ ಇದ್ದು ಎರಡು ವರ್ಷಕ್ಕಿಂತ ಜಾಸ್ತಿ ಓಡಿಸಿದ ಅನುಭವ ಇದ್ದವರಿಗೆ ಎಲ್ಲೂ ಕಷ್ಟವಿಲ್ಲ. ಕಣ್ಣಿನ ಪರೀಕ್ಷೆ, ಫೋಟೋ, ಸಹಿ, ಶುಲ್ಕ. ರಸ್ತೆ ಟೆಸ್ಟ್ ಇಲ್ಲ. ನನ್ನ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು.

ನನ್ನ ಹೆಂಡತಿಯದು ಮುಗಿಯಲಿಲ್ಲ.

ಅವಳ ಹತ್ತಿರ ಇದ್ದದ್ದು ಹತ್ತು ತಿಂಗಳ ಹಿಂದೆ ಬಂದ ಜಿ2. ಬ್ರಿಟಿಷ್ ಕೊಲಂಬಿಯಾದವರು ಪೂರ್ತಿ ಕ್ಲಾಸ್ 5 ಕೊಡಬೇಕಾದರೆ ಕಲಿಕೆಯ ಅವಧಿ ಬಿಟ್ಟು ಎರಡು ವರ್ಷದ ಅನುಭವ ನೋಡುತ್ತಾರೆ. ಇಲ್ಲದಿದ್ದರೆ ಕ್ಲಾಸ್ 7ರ ನೋವಿಸ್, ಅಂದರೆ ಹೊಸ ಚಾಲಕರ, ಹಂತ. ಅಂದರೆ ಕಾರಿನ ಹಿಂಬದಿಗೆ ಹಸಿರು ಬಣ್ಣದ 'ಎನ್' ಫಲಕ. ಬ್ರಾಂಪ್ಟನ್‌ನಲ್ಲಿ ಇದೇ ಹೆಂಗಸು ಆಫೀಸಿನ ಇಬ್ಬರು ಗೆಳತಿಯರನ್ನು ದಿನಾ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದಳು. ಇಲ್ಲಿ ಎನ್ ಇದ್ದವರು ಪಕ್ಕದಲ್ಲಿ ಅನುಭವಸ್ಥರು ಇಲ್ಲದಿದ್ದರೆ ಮನೆಯವರನ್ನು ಬಿಟ್ಟು ಒಬ್ಬರನ್ನು ಮಾತ್ರ ಕೂರಿಸಿಕೊಳ್ಳಬಹುದು. ಫೋನನ್ನು ಮುಟ್ಟದೆ ಸ್ಪೀಕರಿನಲ್ಲಿ ಮಾತಾಡುವುದೂ ನಿಷೇಧ. ಲೈಸೆನ್ಸ್ ಬದಲಾಯಿತು ಅನ್ನುವುದಕ್ಕಿಂತ ಹಕ್ಕುಗಳು ಬದಲಾದವು ಅನ್ನಬೇಕು. ಒಂಟಾರಿಯೊದಲ್ಲಿ ಓಡಿಸಿದ ತಿಂಗಳುಗಳು ಲೆಕ್ಕಕ್ಕೆ ಸೇರುತ್ತವೆ, ಅದೊಂದು ಸಮಾಧಾನ.

ಆಲ್ಬರ್ಟಾದಲ್ಲಿ ಜಿ2 ಕೊಟ್ಟರೆ ಸಿಗುವುದು ಕ್ಲಾಸ್ 5 ಜಿಡಿಎಲ್, ಅಂದರೆ ಪೂರ್ತಿ ಲೈಸೆನ್ಸಿಗೆ ಮುಂಚಿನ ಹಂತ. 2023ರ ಏಪ್ರಿಲ್‌ನಿಂದ ಅಲ್ಲಿ ಈ ಹಂತ ದಾಟಲು ಎರಡನೇ ರಸ್ತೆ ಟೆಸ್ಟ್ ತೆಗೆದುಹಾಕಿದ್ದಾರೆ. ಇದರಿಂದ ವಾಟ್ಸಾಪಿನಲ್ಲಿ ಒಂದು ಬುದ್ಧಿವಂತಿಕೆ ಓಡಾಡುತ್ತಿದೆ: ಕ್ಯಾಲ್ಗರಿಯ ನೆಂಟರ ವಿಳಾಸ ಕೊಟ್ಟು ಅಲ್ಲಿ ಲೈಸೆನ್ಸ್ ಮಾಡಿಸಿಕೊಂಡು ವಾಪಸ್ ಬಂದರೆ ಒಂಟಾರಿಯೊದ ಜಿ ಟೆಸ್ಟ್ ತಪ್ಪುತ್ತದಂತೆ. ನಿಜವಾಗಿ ಅಲ್ಲಿ ವಾಸ ಇರುವವರಿಗೆ ಸರಿ. ಇಲ್ಲದವರಿಗೆ ಅದು ಸುಳ್ಳು ವಿಳಾಸ ಕೊಟ್ಟ ಅಪರಾಧ. ಅಪಘಾತವಾದ ದಿನ ಇನ್ಶೂರೆನ್ಸ್ ಕಂಪನಿಯವರು ಮೊದಲು ಕೆದಕುವುದು ಇದನ್ನೇ.

ಕನ್ನಡಿಗರಿಗೆ, ಅಂದರೆ ಭಾರತದಿಂದ ಬಂದ ಯಾರಿಗೇ ಆಗಲಿ, ಇಲ್ಲಿ ಇನ್ನೊಂದು ಪದರ ಇದೆ. ಜಪಾನ್, ಜರ್ಮನಿ, ಬ್ರಿಟನ್‌ನಂಥ ಕೆಲವು ದೇಶಗಳ ಲೈಸೆನ್ಸ್ ತಂದರೆ ಒಂಟಾರಿಯೊದಲ್ಲಿ ಟೆಸ್ಟ್ ಇಲ್ಲದೆ ಬದಲಾಯಿಸಿ ಕೊಡುತ್ತಾರೆ. ಆ ಪಟ್ಟಿಯಲ್ಲಿ ಭಾರತ ಇಲ್ಲ. ಅಂತಾರಾಷ್ಟ್ರೀಯ ಪರ್ಮಿಟ್ ತಂದಿದ್ದೇನಲ್ಲ ಅನ್ನುವವರು ಬಹಳ ಜನ. ಆ ಪುಸ್ತಕ ಬೇರೆ ಲೈಸೆನ್ಸ್ ಅಲ್ಲ, ನಿಮ್ಮ ಡಿಎಲ್‌ನ ಅನುವಾದ ಅಷ್ಟೇ. ನೆಲೆಸಲು ಬಂದವರನ್ನು ಅದು ಕಾಯುವುದಿಲ್ಲ.

ಆದರೂ ಭಾರತದ ಅನುಭವ ವ್ಯರ್ಥವಲ್ಲ. ಎರಡು ವರ್ಷಕ್ಕಿಂತ ಜಾಸ್ತಿ ಓಡಿಸಿದ್ದಕ್ಕೆ ಅಧಿಕೃತ ಪತ್ರ ತೋರಿಸಿದರೆ ಒಂಟಾರಿಯೊದಲ್ಲಿ ಲಿಖಿತ ಪರೀಕ್ಷೆ ಮುಗಿಸಿ ನೇರವಾಗಿ ಜಿ ಟೆಸ್ಟಿಗೇ ಹೋಗಬಹುದು. ಹೀಗೆ ಬೇಗ ಜಿ ಪಡೆದವರು ಒಂದು ವರ್ಷದಲ್ಲೇ ಬೇರೆ ಪ್ರಾಂತ್ಯಕ್ಕೆ ಹೋದರೆ ಪೇಚಿಗೆ ಸಿಕ್ಕುತ್ತಾರೆ. ಕಾರ್ಡಿನಲ್ಲಿ ಜಿ ಇದೆ, ಆದರೆ ಕೆನಡಾದ ದಾಖಲೆಯಲ್ಲಿ ಒಂದೇ ವರ್ಷ ಕಾಣುತ್ತದೆ. ಉಳಿದ ವರ್ಷಗಳು ಎಲ್ಲಿ ಅಂತ ಕೇಳುತ್ತಾರೆ. ಉತ್ತರ ಇರುವುದು ಊರಿನ ಆರ್‌ಟಿಓದಲ್ಲಿ.

ಅಲ್ಲಿಂದ ತರಿಸಬೇಕಾದದ್ದು ಡಿಎಲ್ ಎಕ್ಸ್‌ಟ್ರಾಕ್ಟ್. ಇದರಲ್ಲಿ ನನ್ನ ಗೆಳೆಯನೊಬ್ಬ ಎರಡು ಕಡೆ ಎಡವಿದ, ಅದನ್ನು ಹೇಳಲೇಬೇಕು. ಮೊದಲನೆಯದು, ದಿನಾಂಕ. ಅವನ ಹಳೆಯ ಡಿಎಲ್ ನವೀಕರಣವಾಗಿ ಸ್ಮಾರ್ಟ್ ಕಾರ್ಡ್ ಆದಾಗ ಎದ್ದು ಕಾಣುವ ಹಾಗೆ ಅಚ್ಚಾದದ್ದು ನವೀಕರಣದ ದಿನಾಂಕ. ಹದಿನಾಲ್ಕು ವರ್ಷದ ಚಾಲಕ ಕಾಗದದಲ್ಲಿ ಎರಡು ವರ್ಷದ ಚಾಲಕನಾಗಿಬಿಟ್ಟಿದ್ದ. ಎಕ್ಸ್‌ಟ್ರಾಕ್ಟ್‌ನಲ್ಲಿ ಮೊದಲ ಸಲ ಲೈಸೆನ್ಸ್ ಕೊಟ್ಟ ದಿನ ಇರಲೇಬೇಕು. ಎರಡನೆಯದು, ವಾಹನದ ವರ್ಗ. ನಮ್ಮಲ್ಲಿ ತುಂಬ ಜನ ಹದಿನೆಂಟಕ್ಕೆ ಬೈಕಿನ ಲೈಸೆನ್ಸ್ ಮಾಡಿಸಿ, ಕೆಲಸ ಸಿಕ್ಕ ಮೇಲೆ ಕಾರಿನದನ್ನು ಸೇರಿಸುತ್ತಾರೆ. ಕಾರ್ಡು ಒಂದೇ ಆದರೂ ಗೇರ್ ಬೈಕಿಗೆ ಒಂದು ದಿನಾಂಕ, ಎಲ್‌ಎಂವಿಗೆ (ಅಂದರೆ ಕಾರಿಗೆ) ಇನ್ನೊಂದು. ಇಲ್ಲಿನವರಿಗೆ ಬೇಕಾದದ್ದು ಎಲ್‌ಎಂವಿ ದಿನಾಂಕ. ಹಳೆಯ ಪುಸ್ತಕದ ಕಾಲದ ಡಿಎಲ್ ಆಗಿದ್ದರೆ ಅದು ಆರ್‌ಟಿಓಗಳ ಸಾರಥಿ ಕಂಪ್ಯೂಟರಿಗೆ ಏರಿದೆಯಾ ಅಂತ ಮೊದಲು ನೋಡಿಕೊಳ್ಳಿ. ಇದನ್ನೆಲ್ಲ ಊರಿಗೆ ಹೋದಾಗ ಮಾಡಿಸಿಕೊಂಡು ಬನ್ನಿ. ಫೋನಿನಲ್ಲಿ ಭಾವಮೈದುನನನ್ನು ನಾಲ್ಕು ಸಲ ಓಡಾಡಿಸುವುದು ಸಂಬಂಧಕ್ಕೆ ಒಳ್ಳೆಯದಲ್ಲ.

ಇನ್ನು ಹೆಸರು. ಇದು ನಮ್ಮ ಕಡೆಯವರಿಗೇ ಮೀಸಲಾದ ಕಷ್ಟ ಅನ್ನಿಸುತ್ತದೆ. ಊರಲ್ಲಿ ನನ್ನ ಹೆಸರಿನ ಮುಂದೆ ಎರಡು ಇನಿಶಿಯಲ್, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಅವನ್ನು ಬಿಡಿಸಿ ಬರೆದಾಗ ಊರಿನ ಹೆಸರು ಸರ್‌ನೇಮ್ ಆಗಿ ಕೂತಿತು. ಒಂಟಾರಿಯೊ ಲೈಸೆನ್ಸ್ ನಂಬರು ಶುರುವಾಗುವುದೇ ಸರ್‌ನೇಮಿನ ಮೊದಲ ಅಕ್ಷರದಿಂದ. ಹಾಗಾಗಿ ಆರು ವರ್ಷ ನಮ್ಮೂರಿನ ಒಂದು ಅಕ್ಷರ ನನ್ನ ಜೇಬಿನಲ್ಲಿತ್ತು. ಹೊಸ ಪ್ರಾಂತ್ಯಕ್ಕೆ ಬಂದಾಗ ನಂಬರೂ ಹೊಸದು, ಅಕ್ಷರ ಹೋಯಿತು.

ಕೌಂಟರಿನಲ್ಲಿ ಎರಡು ಗುರುತಿನ ದಾಖಲೆ ಕೇಳುತ್ತಾರೆ, ಮುಖ್ಯವಾದದ್ದು ಒಂದು, ಪೂರಕವಾದದ್ದು ಒಂದು. ಎರಡರಲ್ಲೂ ಹೆಸರು ಹೊಂದಬೇಕು. ನನ್ನ ಹೆಂಡತಿಯ ಪಿಆರ್ (ಕಾಯಂ ನಿವಾಸಿ) ಕಾರ್ಡಿನಲ್ಲಿ ಗಂಡನ ಹೆಸರು ಸೇರಿತ್ತು, ಬ್ಯಾಂಕ್ ಕಾರ್ಡಿನಲ್ಲಿ ಮದುವೆಗೆ ಮುಂಚಿನ ಹೆಸರು. ಕೌಂಟರಿನ ಹೆಂಗಸು ಎರಡೂ ಕಾರ್ಡನ್ನು ಅಕ್ಕಪಕ್ಕ ಇಟ್ಟು, ಪೆನ್ನಿನ ತುದಿಯಿಂದ ಒಂದೊಂದೇ ಅಕ್ಷರ ಮುಟ್ಟುತ್ತಾ ಹೋಗಿ, ನಿಧಾನವಾಗಿ ತಲೆ ಅಲ್ಲಾಡಿಸಿದಳು. ಪಾಸ್‌ಪೋರ್ಟ್ ಮನೆಯಲ್ಲಿ, ಇನ್ನೂ ಬಿಚ್ಚದ ಡಬ್ಬಿಯಲ್ಲಿತ್ತು. ತಪ್ಪು ನಮ್ಮದೇ. ಆಲ್ಬರ್ಟಾದಲ್ಲಿ ಇದರ ಜೊತೆಗೆ ಅಲ್ಲಿ ವಾಸ ಇರುವುದಕ್ಕೂ ಪುರಾವೆ ಬೇಕು. ಬಾಡಿಗೆ ಕರಾರು, ಕರೆಂಟ್ ಬಿಲ್ಲು ಇಂಥದ್ದು. ಎಲ್ಲವೂ ಒಬ್ಬರ ಹೆಸರಿನಲ್ಲೇ ಇದ್ದರೆ ಇನ್ನೊಬ್ಬರು ಪರದಾಡಬೇಕು. ಮನೆ ಹಿಡಿಯುವಾಗಲೇ ಇಬ್ಬರ ಹೆಸರೂ ಹಾಕಿಸಿ.

ಅಂದೇ ಹೊಸ ಕಾರ್ಡು ಕೈಗೆ ಬರುವುದಿಲ್ಲ. ಒಂದು ತಾತ್ಕಾಲಿಕ ಕಾಗದ ಕೊಡುತ್ತಾರೆ, ಕಾರ್ಡು ಅಂಚೆಯಲ್ಲಿ ಬರುತ್ತದೆ. ಆ ಕಾಗದ ಇಟ್ಟುಕೊಂಡು ಗಾಡಿ ಓಡಿಸಬಹುದು, ಆದರೆ ಅದು ಗುರುತಿನ ಚೀಟಿ ಅಲ್ಲ. ಅದರಲ್ಲೇ ವಿಮಾನ ಹತ್ತುತ್ತೇನೆ ಅಂತ ಹೊರಡಬೇಡಿ.

ಕಾರಿನದು ಬೇರೆಯೇ ಗಡಿಯಾರ. ಬ್ರಿಟಿಷ್ ಕೊಲಂಬಿಯಾದಲ್ಲಿ ನಮ್ಮ ಲೈಸೆನ್ಸಿಗೆ 90 ದಿನ, ಕಾರಿಗೆ 30 ದಿನ. ಎರಡೂ ಒಂದೇ ಅಂದುಕೊಂಡು ಸಿಕ್ಕಿಹಾಕಿಕೊಳ್ಳುವವರಿದ್ದಾರೆ. ಇಲ್ಲಿ, ಆಲ್ಬರ್ಟಾದಲ್ಲಿ ಕೂಡ, ಹೊರಗಿನಿಂದ ಬಂದ ಕಾರನ್ನು ಅಧಿಕೃತ ಗ್ಯಾರೇಜಿನಲ್ಲಿ ತಪಾಸಣೆ ಮಾಡಿಸಿದ ಮೇಲಷ್ಟೇ ನೋಂದಣಿ. ಬ್ರೇಕು, ಟೈರು, ದೀಪ, ಗಾಜು ಎಲ್ಲ ನೋಡುತ್ತಾರೆ. ಮುಂದಿನ ಬಾಗಿಲ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದ್ದರೆ ಆಲ್ಬರ್ಟಾದಲ್ಲಿ ತಪಾಸಣೆಗೆ ಮುಂಚೆಯೇ ಕಿತ್ತುಹಾಕಿ. ನಂಬರ್ ಪ್ಲೇಟಿನಲ್ಲೂ ಭೇದ ಇದೆ. ಒಂಟಾರಿಯೊ, ಬ್ರಿಟಿಷ್ ಕೊಲಂಬಿಯಾದಲ್ಲಿ ಹಿಂದೆ ಮುಂದೆ ಎರಡೂ ಕಡೆ, ಆಲ್ಬರ್ಟಾ, ಕ್ವೆಬೆಕ್‌ನಲ್ಲಿ ಹಿಂದೆ ಮಾತ್ರ.

ಇನ್ಶೂರೆನ್ಸ್‌ನಲ್ಲಿ ಜಾತಕದ ಮಾತು ಮತ್ತೆ ಬರುತ್ತದೆ. ಒಂಟಾರಿಯೊ, ಆಲ್ಬರ್ಟಾದಲ್ಲಿ ಖಾಸಗಿ ಕಂಪನಿಗಳು. ಬ್ರಿಟಿಷ್ ಕೊಲಂಬಿಯಾ, ಸಸ್ಕ್ಯಾಚುವನ್, ಮ್ಯಾನಿಟೋಬಾದಲ್ಲಿ ಕಡ್ಡಾಯದ ಮೂಲ ವಿಮೆ ಸರ್ಕಾರಿ ಸಂಸ್ಥೆಯದ್ದು. ಅಂದರೆ ಇಲ್ಲಿ ಲೈಸೆನ್ಸ್ ಕೊಡುವ ಐಸಿಬಿಸಿಯೇ ವಿಮೆಯನ್ನೂ ಕೊಡುತ್ತದೆ. ಕ್ವೆಬೆಕ್‌ನಲ್ಲಿ ಅರ್ಧ ಅರ್ಧ: ಮೈಗೆ ಪೆಟ್ಟಾದರೆ ಎಸ್‌ಎಎಕ್ಯು, ಕಾರಿಗೆ ಪೆಟ್ಟಾದರೆ ಖಾಸಗಿ ಕಂಪನಿ. ಯಾವ ಕಡೆ ಹೋದರೂ 'ಇವರು ಇಷ್ಟು ವರ್ಷ ನಮ್ಮಲ್ಲಿ ವಿಮೆ ಇಟ್ಟಿದ್ದರು, ಇಷ್ಟು ಕ್ಲೇಮು ಆಗಿದೆ' ಅನ್ನುವ ಹಳೆಯ ಕಂಪನಿಯ ಪತ್ರ ಇದ್ದರೆ ಕಂತು ಕಡಿಮೆಯಾಗುತ್ತದೆ. ನಾನು ಇದನ್ನು ಇಲ್ಲಿಗೆ ಬಂದ ಮೇಲೆ ಕೇಳಿದೆ. ಹಳೆಯ ಕಂಪನಿ ಮೂರು ವಾರ ಎಳೆದಾಡಿ ಕಳಿಸಿದ ಪತ್ರದಲ್ಲಿ ಎರಡು ವರ್ಷ ಮಾಯ. ಮತ್ತೆ ಫೋನು, ಮತ್ತೆ ಹಾಡು ಕೇಳಿಸಿಕೊಂಡು ಕಾಯುವುದು. ಹೊರಡುವ ಮುಂಚೆಯೇ ಆ ಪತ್ರವನ್ನೂ, ಪ್ರಾಂತ್ಯದಿಂದ ನಿಮ್ಮ ಚಾಲನಾ ದಾಖಲೆಯ ಪ್ರತಿಯನ್ನೂ ತೆಗೆದುಕೊಂಡು ಬನ್ನಿ. ಹೊಸ ವಿಮೆ ಶುರುವಾಗುವ ತನಕ ಹಳೆಯದನ್ನು ರದ್ದು ಮಾಡಬೇಡಿ. ಊರು ಬಿಟ್ಟಿದ್ದನ್ನು ಅವರಿಗೆ ತಿಳಿಸಿ. ಮುಚ್ಚಿಟ್ಟರೆ ಕ್ಲೇಮಿನ ದಿನ ತಕರಾರು.

ಲಾರಿ, ಬಸ್ಸು ಓಡಿಸುವವರಿಗೆ ಇನ್ನೂ ಬಿಗಿ, ವೈದ್ಯಕೀಯ ದಾಖಲೆ ಎಲ್ಲ ಬೇಕು. ಒಂಟಾರಿಯೊದಲ್ಲಿ ಜಿ ಇಟ್ಟುಕೊಂಡು ಊಬರ್ ಓಡಿಸುತ್ತಿದ್ದವರು ಬ್ರಿಟಿಷ್ ಕೊಲಂಬಿಯಾಕ್ಕೆ ಬರುವ ಮುಂಚೆ ಒಂದು ಮಾತು ತಿಳಿದಿರಿ: ಇಲ್ಲಿ ಆ ಕೆಲಸಕ್ಕೆ ಕ್ಲಾಸ್ 5 ಸಾಲದು. ಕ್ಲಾಸ್ 4 ಅಥವಾ ಅದಕ್ಕೂ ಮೇಲಿನ ವಾಣಿಜ್ಯ ಲೈಸೆನ್ಸ್ ಬೇಕು. ಬಂದ ಮಾರನೇ ದಿನವೇ ದುಡಿಮೆ ಶುರು ಅಂತ ಲೆಕ್ಕ ಹಾಕಿ ಬಂದವರಿಗೆ ಕೈಯಲ್ಲಿ ಕಾಸಿಲ್ಲದೆ ವಾರಗಟ್ಟಲೆ ಕಾಯುವ ಪಾಡು.

ಒಂದು ಕೊರತೆ ಈ ಇಡೀ ವ್ಯವಸ್ಥೆಯಲ್ಲಿ ನನಗೆ ಕಾಣುತ್ತದೆ. ನಮ್ಮ ಅನುಭವವನ್ನು ನಂಬಿ ಟೆಸ್ಟ್ ಇಲ್ಲದೆ ಕಾರ್ಡು ಕೊಡುತ್ತಾರೆ, ಸರಿ. ಆದರೆ ಹೊಸ ಪ್ರಾಂತ್ಯದ ನಿಯಮ ನಮಗೆ ಗೊತ್ತಾ ಅಂತ ಯಾರೂ ಗಂಭೀರವಾಗಿ ನೋಡುವುದಿಲ್ಲ. ಟೊರಾಂಟೊದಲ್ಲಿ ಕೆಂಪು ದೀಪದಲ್ಲಿ ನಿಂತು, ನೋಡಿಕೊಂಡು, ಬಲಕ್ಕೆ ತಿರುಗಬಹುದು. ಮಾಂಟ್ರಿಯಲ್ ದ್ವೀಪದಲ್ಲಿ ಅದೇ ಕೆಲಸಕ್ಕೆ ದಂಡ. ಕ್ವೆಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ, ಒಂಟಾರಿಯೊದಲ್ಲಿ ಅವರವರ ಇಷ್ಟ. ಕ್ಯಾಲ್ಗರಿಯಲ್ಲಿ ಆಟದ ಮೈದಾನದ ಪಕ್ಕ ಬೆಳಿಗ್ಗೆ 7:30ರಿಂದ ರಾತ್ರಿ 9ರವರೆಗೆ ಗಂಟೆಗೆ 30 ಕಿಲೋಮೀಟರ್, ಶಾಲೆಗೆ ರಜೆ ಇದ್ದರೂ ಅಷ್ಟೇ.

ಬಂದ ಎರಡನೇ ತಿಂಗಳು ವ್ಯಾಂಕೂವರ್‌ನಲ್ಲಿ ಒಂದು ಸಂಜೆ. ಹೊಸ ಕ್ಲಾಸ್ 5 ಕಾರ್ಡು ಪರ್ಸಿನಲ್ಲಿತ್ತು. ಸಿಗ್ನಲಿನಲ್ಲಿ ಹಸಿರು ದೀಪ ಮಿಣುಕುತ್ತಿತ್ತು. ಒಂಟಾರಿಯೊದಲ್ಲಿ ಮಿಣುಕುವ ಹಸಿರು ಅಂದರೆ ಎದುರಿನವರಿಗೆ ಕೆಂಪು, ನೀವು ಧೈರ್ಯವಾಗಿ ಎಡಕ್ಕೆ ತಿರುಗಿ ಅಂತ ಅರ್ಥ. ಆರು ವರ್ಷದ ಅಭ್ಯಾಸ. ಯೋಚನೆಯೇ ಮಾಡದೆ ಸ್ಟೀರಿಂಗ್ ಎಡಕ್ಕೆ ಎಳೆದೆ. ಎದುರಿನಿಂದ ಒಂದು ಪಿಕಪ್ ಹಾರ್ನ್ ಒತ್ತಿ ಹಿಡಿದುಕೊಂಡೇ ನುಗ್ಗಿ ಬಂತು. ಬ್ರೇಕ್ ತುಳಿದದ್ದು ನಾನೋ ನನ್ನ ಕಾಲೋ ಗೊತ್ತಿಲ್ಲ.

'ಇಲ್ಲಿ ಅದು ನಡೆದು ದಾಟೋರ ಸಿಗ್ನಲ್ ರೀ. ಅವರು ಗುಂಡಿ ಒತ್ತೋ ತನಕ ಎರಡೂ ಕಡೆ ಹಸಿರೇ ಮಿಣುಕುತ್ತೆ. ಎದುರಿನವರಿಗೂ ಹಸಿರೇ' ಅಂದಳು ಪಕ್ಕದಲ್ಲಿ ಕೂತವಳು, ಡ್ಯಾಶ್‌ಬೋರ್ಡ್ ಮೇಲಿಂದ ಕೈ ತೆಗೆಯದೆ.

ನಿನಗೆ ಹೇಗೆ ಗೊತ್ತು ಅಂದೆ. ಎನ್ ಹಂತ ದಾಟಲು ಟೆಸ್ಟ್ ಕೊಡಬೇಕಿತ್ತಲ್ಲ, ಅದಕ್ಕೆ ಐಸಿಬಿಸಿಯ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೂ ಓದಿದ್ದಳಂತೆ. ಬದಿಗೆ ನಿಲ್ಲಿಸಿ ಇಳಿದೆ. ಅವಳು ಹಿಂಬದಿಗೆ ಹಸಿರು ಎನ್ ಅಂಟಿಸಿ, ಈ ಕಡೆಯ ಸೀಟಿಗೆ ಬಂದು ಕೂತು, ಕನ್ನಡಿ ಸರಿಮಾಡಿಕೊಂಡಳು. ಮನೆಯವರೆಗೂ ಅವಳೇ ಓಡಿಸಿದಳು.